ಜೆಟ್ ಕಾರಿನ ಪ್ಯಾರಾಚೂಟು

ಕ್ಯಾಂಪ್‌ಬೆಲ್‌ನಲ್ಲಿ ನನ್ನದೊಂದು ಆಲ್ಟರೇಶನ್ ಅಂಗಡಿ ಇದೆ. ಒಂದು ಮಗ್ಗುಲಿಗೆ ಡ್ರೈಕ್ಲೀನಿಂಗು, ಇನ್ನೊಂದು ಮಗ್ಗುಲಿಗೆ ನಾಯಿಗಳಿಗೆ ಸ್ನಾನ ಮಾಡಿಸುವ ಅಂಗಡಿ. ಪ್ಯಾಂಟಿನ ಉದ್ದ ಮಡಿಸುವುದು, ಜಿಪ್ಪು ಬದಲಿಸುವುದು, ಮದುವೆ ಗೌನಿನ ಸೊಂಟ ಬಿಗಿ ಮಾಡುವುದು, ನಮ್ಮ ಕಡೆಯವರು ಬಂದರೆ ಬ್ಲೌಸು, ಫಾಲು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಹುಬ್ಬಳ್ಳಿಯಲ್ಲಿ ನನ್ನ ತಂದೆಗೆ ಟೇಲರಿಂಗ್ ಅಂಗಡಿ ಇತ್ತು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಎರಡೂ. ಗುಂಡಿಗೆ ಕಾಜಾ ಹಾಕುವುದನ್ನು ಎಂಟನೇ ವಯಸ್ಸಿಗೇ ಕಲಿತಿದ್ದೆ.

ನನ್ನ ಗಂಡ ಇಲ್ಲಿ ವಿಮಾನ ನಿಲ್ದಾಣಕ್ಕೆ ಜನರನ್ನು ಮುಟ್ಟಿಸುವ ವ್ಯಾನು ಓಡಿಸುತ್ತಿದ್ದರು. ಒಂದು ಬೆಳಗ್ಗೆ ವ್ಯಾನಿನ ಕೀಲಿ ಕೈಯಲ್ಲಿ ಹಿಡಿದವರು ಎದೆ ಒತ್ತಿಕೊಂಡು ಸೋಫಾದ ಮೇಲೆ ಕೂತರು, ಮತ್ತೆ ಏಳಲಿಲ್ಲ. ಮಗಳು ಟೆಕ್ಸಾಸಿನಲ್ಲಿದ್ದಾಳೆ. ಮೊಮ್ಮಗ ಫೋನಿನಲ್ಲಿ ನಾನು ಆಡಿದ್ದೆಲ್ಲ ತಿಳಿದುಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ, ಆಮೇಲೆ ಫೋನನ್ನು ಅವನಮ್ಮನ ಕೈಗೆ ದಾಟಿಸುತ್ತಾನೆ.

ಗಂಡ ಹೋದ ಮೇಲೆ ನಾನು ಅಡುಗೆ ಬಿಡಲಿಲ್ಲ, ಆದರೆ ಕೂತು ಉಣ್ಣುವುದು ನಿಂತುಹೋಯಿತು. ಒಲೆಯ ಮುಂದೆ ನಿಂತು ಪಾತ್ರೆಯಿಂದಲೇ ತಿಂದು ಮುಗಿಸುತ್ತಿದ್ದೆ. ಶುಕ್ರವಾರ ಮಸೀದಿಯಲ್ಲಿ ನಾಲ್ಕು ಜನ ಹೆಂಗಸರು ಸಲಾಂ ಹೇಳಿ, ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವುದರೊಳಗೆ ತಮ್ಮ ಮಕ್ಕಳ ಹಿಂದೆ ಓಡುತ್ತಿದ್ದರು. ಅವರದೇನೂ ತಪ್ಪಿಲ್ಲ. ವಾರದ ಆರು ದಿನ ಹೇಗೋ ಕಳೆಯುತ್ತಿದ್ದವು. ಭಾನುವಾರ ಅಂಗಡಿ ಬಂದ್. ಆವತ್ತು ಅಪಾರ್ಟ್‌ಮೆಂಟಿನಲ್ಲಿ ಕೂತರೆ ಫ್ರಿಜ್ಜಿನ ಸದ್ದು ಸುರುವಾಗುವುದೂ ನಿಲ್ಲುವುದೂ ಕೇಳಿಸುತ್ತಿತ್ತು.

ಆ ಫೆಬ್ರವರಿಯಲ್ಲಿ ಒಂದು ಸಂಜೆ ಸನ್ನಿವೇಲಿನಿಂದ ಒಬ್ಬಳು ಬಂದಳು. ಬೆಂಗಳೂರಿನವಳು, ಎಂಜಿನಿಯರು, ನಲವತ್ತರ ಆಸುಪಾಸು. ಮೂರು ನಾಲ್ಕು ವರ್ಷದಿಂದ ಬ್ಲೌಸು ಹೊಲಿಸಲು ನನ್ನಲ್ಲಿಗೇ ಬರುತ್ತಿದ್ದಳು. ಅವಳದೂ ಒಂಟಿ ಬಾಳು, ಆದರೆ ಅದರ ಬಗ್ಗೆ ನಾವಿಬ್ಬರೂ ಎಂದೂ ಮಾತಾಡಿರಲಿಲ್ಲ. ಆವತ್ತು ಹೆಗಲ ಮೇಲೆ ದೊಡ್ಡ ಕಪ್ಪು ಚೀಲ ಹೊತ್ತು ತಂದಿದ್ದಳು.

"ಆಂಟಿ, ಇವತ್ತು ಬ್ಲೌಸ್ ಅಲ್ಲ. ಬೇರೆ ಒಂದು ಕೆಲ್ಸ ಇದೆ. ಬೈಬೇಡಿ."

ಚೀಲ ಬಿಚ್ಚಿ ಟೇಬಲ್ಲಿನ ಮೇಲೆ ಸುರಿದಳು. ಬಿಳಿ ನೈಲಾನ್ ಪಟ್ಟಿ, ಉದ್ದುದ್ದ ಹಗ್ಗ. ಟೇಬಲ್ಲು ತುಂಬಿ ನೆಲಕ್ಕೆ ಇಳಿಯಿತು.

"ಇದೇನವಾ ಇದು? ಯಾವ ರಾಕ್ಷಸಿ ಲಂಗಾ?"

"ಪ್ಯಾರಾಚೂಟು ಆಂಟಿ. ಕಾರಿಂದು."

"ಕಾರಿಗ್ಯಾಕ ಪ್ಯಾರಾಚೂಟು? ಹಾರತದೇನು?"

"ಹಾರಬಾರ್ದು ಅಂತಾನೇ ಎಲ್ರೂ ಒದ್ದಾಡ್ತಿರೋದು. ಇದು ನಿಲ್ಸೋಕೆ."

ಆಗ ಹೇಳಿದಳು. ಲಿವರ್‌ಮೋರಿನಲ್ಲಿ ಒಬ್ಬ ಹಿರಿಯರು ಜೆಟ್ ಎಂಜಿನಿನ ಕಾರು ಕಟ್ಟಿದ್ದಾರೆ, ನೆಲದ ಮೇಲೆ ವೇಗದ ದಾಖಲೆ ಮಾಡಬೇಕೆಂದು ಹದಿನಾಲ್ಕು ವರ್ಷದಿಂದ ಅದರ ಹಿಂದೆ ಬಿದ್ದಿದ್ದಾರೆ. ಇವಳು ರಜೆಯ ದಿನಗಳಲ್ಲಿ ಅಲ್ಲಿಗೆ ಹೋಗಿ ಕಾರಿನ ಸೆನ್ಸರುಗಳನ್ನು ನೋಡಿಕೊಳ್ಳುತ್ತಾಳೆ, ಸಂಬಳ ಇಲ್ಲ. ಅಷ್ಟು ವೇಗದಲ್ಲಿ ಚಕ್ರದ ಬ್ರೇಕು ಕೆಲಸಕ್ಕೆ ಬರುವುದಿಲ್ಲ, ಮೊದಲು ಪ್ಯಾರಾಚೂಟು ಬಿಚ್ಚಿಕೊಂಡು ಗಾಳಿಯನ್ನು ಹಿಡಿದು ಕಾರನ್ನು ನಿಧಾನ ಮಾಡಬೇಕು. ಹೋದ ವರ್ಷ ಪ್ರಯೋಗದ ಓಟದಲ್ಲಿ ಇದು ಹರಿದಿತ್ತು. ಹಳೆಯ ಮಿಲಿಟರಿ ಮಾಲು, ತಯಾರಿಸಿದ ಕಂಪನಿ ಎಂದೋ ಮುಚ್ಚಿದೆ.

ನಾನು ಕನ್ನಡಕ ಹಾಕಿಕೊಂಡು ಹರಿದ ಜಾಗ ನೋಡಿದೆ. ಯಾರೋ ದಪ್ಪ ಸೂಜಿಯಲ್ಲಿ ಒತ್ತೊತ್ತಾಗಿ ಹೊಲಿದು, ಅಂಚೆಚೀಟಿಯ ಅಂಚಿನ ಹಾಗೆ ಸಾಲು ತೂತು ಮಾಡಿಟ್ಟಿದ್ದರು. ಹಾಗೆ ಹೊಲಿದರೆ ಬಟ್ಟೆ ಆ ಗೆರೆಯಲ್ಲೇ ಹರಿಯುತ್ತದೆ.

"ಇದನ್ನ ಹೊಲ್ದವರು ಯಾರು?"

"ನಾವೇ ಆಂಟಿ. ವಿಡಿಯೋ ನೋಡ್ಕೊಂಡು."

"ದೇವರ ಕಾಪಾಡ್ಯಾನ ನಿಮ್ಮನ್ನ," ಎಂದೆ. ಕೆಟ್ಟ ಹೊಲಿಗೆ ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವಳು ಹೋಗುವ ಮೊದಲೇ ಕತ್ತರಿ ತೆಗೆದುಕೊಂಡು ಆ ಹೊಲಿಗೆಯ ಟಾಕಿಗಳನ್ನು ಬಿಚ್ಚಲು ಕೂತಿದ್ದೆ.

ಅಂಗಡಿಯಲ್ಲಿ ಅದನ್ನು ಪೂರ್ತಿ ಹಾಸಲು ಜಾಗವಿರಲಿಲ್ಲ. ಹಾಗಾಗಿ ಮುಂದಿನ ಭಾನುವಾರ ಅವಳೇ ಕಾರಿನಲ್ಲಿ ನನ್ನನ್ನೂ ನನ್ನ ದಪ್ಪ ಬಟ್ಟೆಯ ಮೆಷಿನ್ನನ್ನೂ ಕೂರಿಸಿಕೊಂಡು ಲಿವರ್‌ಮೋರಿಗೆ ಹೋದಳು. ದ್ರಾಕ್ಷಿ ತೋಟಗಳ ಆಚೆ ತಗಡಿನ ದೊಡ್ಡ ಶೆಡ್ಡು. ಒಳಗೆ ಕಾರು. ಅದನ್ನು ಕಾರು ಎನ್ನಲು ನನಗೆ ಬಾಯಿ ಬರಲಿಲ್ಲ. ಸಿಟಿ ಬಸ್ಸಿಗಿಂತ ಉದ್ದ, ಎತ್ತರ ನನ್ನ ಸೊಂಟದಷ್ಟು, ಚಕ್ರಗಳಿಗೆ ಟೈರೇ ಇಲ್ಲ, ಬರೀ ಅಲ್ಯೂಮಿನಿಯಮ್ಮಿನ ಗಟ್ಟಿ ಗಾಲಿ. ಹಿಂದಿನಿಂದ ಇಣುಕಿದರೆ ಒಳಗೆ ಕತ್ತಲೆಯ ಬಾವಿಯಂತೆ ಎಂಜಿನು.

ಅದರ ಯಜಮಾನರಿಗೆ ಎಪ್ಪತ್ತೊಂದು ವರ್ಷ. ನನಗಿಂತ ಹದಿಮೂರೇ ವರ್ಷ ದೊಡ್ಡವರಾದರೂ ಬಿಳಿ ಗಡ್ಡ ನೋಡಿ ನಾನು ಮನಸ್ಸಿನಲ್ಲೇ ಅವರನ್ನು ಅಜ್ಜ ಎಂದು ಕರೆದೆ. ಬಾಳಿಡೀ ಲೇತ್ ಮೆಷಿನ್ನಿನ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಕಾರು ಓಡಿಸುವವರೂ ಅವರೇ.

ಮಾದರಿಗೆಂದು ನಾನು ಹೊಲಿದು ತಂದಿದ್ದ ತುಂಡನ್ನು ಅವರ ಕೈಗೆ ಕೊಟ್ಟೆ. ಅವರು ಮೇಲ್ಮಗ್ಗುಲನ್ನು ನೋಡಲೇ ಇಲ್ಲ. ನೇರ ತಿರುಗಿಸಿ ಒಳಮಗ್ಗುಲು ನೋಡಿ, ಉಗುರಿನಿಂದ ಒಂದು ಟಾಕಿಯನ್ನು ಕೆದಕಿ, ಎರಡೂ ಕೈಯಲ್ಲಿ ಎಳೆದರು. ನನ್ನ ತಂದೆಯೂ ಹೊಸ ಕೆಲಸಗಾರರು ಬಂದರೆ ಹೀಗೇ ನೋಡುತ್ತಿದ್ದರು. ಅಲ್ಲಿಗೆ ನನಗೆ ಈ ಮನುಷ್ಯ ಹಿಡಿಸಿಬಿಟ್ಟರು.

ಅಜ್ಜ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದರು, ನನಗೆ ಅರ್ಥವಾಗಲಿ ಎಂದು. "ಪ್ರತಿ ಪ್ಯಾರಾಚೂಟಿನ ಚೀಲಕ್ಕೂ ಒಂದು ಕಾರ್ಡು ಕಟ್ಟಿರುತ್ತೆ. ಮಡಿಸಿದವರು ಅದರಲ್ಲಿ ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ನಾನು ಕಾರಿನಲ್ಲಿ ಕೂರುವುದಿಲ್ಲ. ಇದರಲ್ಲಿ ಬೇರೆ ಯಾರ ಮಾತೂ ನಡೆಯೋದಿಲ್ಲ, ನನ್ನದೂ ಕೂಡ."

ಹಾಗೆ ನನ್ನ ಭಾನುವಾರಗಳು ಅಲ್ಲಿಗೆ ಹೋದವು. ಹರಿದ ಪಟ್ಟಿಗಳನ್ನು ತೆಗೆದು ಹೊಸ ನೈಲಾನ್ ಪಟ್ಟಿ ಕೂರಿಸಿದೆ. ಟಾಕಿಯ ಅಂತರ, ಸೂಜಿಯ ನಂಬರು, ದಾರದ ದಪ್ಪ, ಎಲ್ಲವನ್ನೂ ತುಂಡು ಬಟ್ಟೆಗಳ ಮೇಲೆ ನೋಡಿ ನೋಡಿ ಆರಿಸಿದೆ. ಆಮೇಲೆ ಮಡಿಸುವುದನ್ನು ಕಲಿತೆ. ಹಗ್ಗಗಳು ಒಂದಕ್ಕೊಂದು ಸುತ್ತಿಕೊಳ್ಳದಂತೆ ಬಿಡಿಸಿ, ಪಟ್ಟಿಗಳನ್ನು ಸೀರೆಯ ನೆರಿಗೆಯಂತೆ ಹಿಡಿದು, ಗಾಳಿ ತಟ್ಟಿ ತೆಗೆದು, ಚೀಲಕ್ಕೆ ತುಂಬಬೇಕು. ಮೊದಲ ಸಲ ಎರಡೂವರೆ ಗಂಟೆ ಹಿಡಿಯಿತು. ಬೇಸಿಗೆಯ ಹೊತ್ತಿಗೆ ಇಪ್ಪತ್ತು ನಿಮಿಷಕ್ಕೆ ಇಳಿಸಿದ್ದೆ.

ಮಧ್ಯಾಹ್ನ ನಾನು ಮಾಡಿ ತಂದ ಚಪಾತಿ, ಎಣ್ಣೆಗಾಯಿ ಬಿಚ್ಚುತ್ತಿದ್ದೆ. ನಾಲ್ಕು ಜನ ಹಲಗೆಯ ಮೇಲೆ ಕೂತು ಉಣ್ಣುತ್ತಿದ್ದೆವು: ಅಜ್ಜ, ಸನ್ನಿವೇಲಿನವಳು, ನಾನು, ಮತ್ತೆ ಎಂಜಿನು ನೋಡಿಕೊಳ್ಳುವ ಮೇಸ್ತ್ರಿ. ಮೇಸ್ತ್ರಿ ಐವತ್ತರ ದಪ್ಪ ಮನುಷ್ಯ, ಅಜ್ಜನ ಜೊತೆ ಮೊದಲ ದಿನದಿಂದ ಇದ್ದವನು. ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ, ಇನ್ನಷ್ಟು ಹಾಕಿ ಎಂದು ತಟ್ಟೆ ಚಾಚುತ್ತಿದ್ದ.

ಒಂದು ದಿನ ಅಜ್ಜನ ಹೆಂಡತಿ ಎಲ್ಲಿದ್ದಾರೆ ಎಂದು ಕೇಳಿಬಿಟ್ಟೆ. ಓರೆಗನ್‌ನಲ್ಲಿ, ಮಗಳ ಮನೆಯಲ್ಲಿ ಎಂದರು. ಬೆರಳಿಗಂಟಿದ ಎಣ್ಣೆ ಒರೆಸಿಕೊಂಡು, "ಕಾರಿನ ಮೇಲೆ ಅವಳಿಗೆ ಸಿಟ್ಟಿಲ್ಲ. ಕಾರು ಹೋದ ಮೇಲೆ ಈ ಕಡೆ ನಿಂತು ಕಾಯುವುದು ಆಗೋದಿಲ್ಲ ಅಂದಳು," ಎಂದರು. ಆಮೇಲೆ ಎದ್ದು ಹೋಗಿ ಆಗಲೇ ಒರೆಸಿದ್ದ ಗಾಲಿಯನ್ನೇ ಮತ್ತೆ ಒರೆಸಿದರು.

ಈ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಏಪ್ರಿಲ್ಲಿನಲ್ಲಿ ನಾನು ಬದಲಿಸುತ್ತಿದ್ದ ಹರಿದ ಪಟ್ಟಿಗಳ ಪಕ್ಕದಲ್ಲಿ ಎರಡು ಹಳೆಯ ಪಟ್ಟಿ ಇದ್ದವು. ಬೆಳಕಿಗೆ ಹಿಡಿದು ನೋಡಿದೆ, ಕೈಯಲ್ಲಿ ಎಳೆದು ನೋಡಿದೆ, ಗಟ್ಟಿಯಿದ್ದವು. ತಂದಿದ್ದ ಹೊಸ ಪಟ್ಟಿಯ ಸುರುಳಿ ಮುಗಿಯುತ್ತ ಬಂದಿತ್ತು. ನಡೀತದ ಅಂದುಕೊಂಡೆ. ಅವನ್ನು ಹಾಗೇ ಬಿಟ್ಟು ಹೊಸ ಪಟ್ಟಿಯನ್ನು ಅವಕ್ಕೆ ಸೇರಿಸಿ ಹೊಲಿದೆ.

ಸೆಪ್ಟೆಂಬರಿನಲ್ಲಿ ನೆವಾಡಾದ ಒಂದು ಒಣಕೆರೆಯಲ್ಲಿ ಓಡಿಸಲು ಆರು ದಿನಕ್ಕೆ ಅನುಮತಿ ಸಿಕ್ಕಿತು. ನೀವೂ ಬರಬೇಕು ಎಂದರು ಅಜ್ಜ. ದಾಖಲೆ ಆಗಬೇಕಾದರೆ ಒಂದೇ ಓಟ ಸಾಲದು. ಒಮ್ಮೆ ಈ ಕಡೆಯಿಂದ, ಒಂದು ಗಂಟೆಯ ಒಳಗೆ ಮತ್ತೊಮ್ಮೆ ಆ ಕಡೆಯಿಂದ ಓಡಬೇಕು, ಎರಡರ ಸರಾಸರಿ ತೆಗೆಯುತ್ತಾರೆ. ಆ ಗಂಟೆಯೊಳಗೆ ಪ್ಯಾರಾಚೂಟನ್ನು ಎತ್ತಿ, ನೋಡಿ, ಮತ್ತೆ ಮಡಿಸಿ ಕೊಡಲು ಒಬ್ಬರು ಬೇಕು. ಅಜ್ಜ ಮುರಿಯಲು ಹೊರಟಿದ್ದು ಜಗತ್ತಿನ ದೊಡ್ಡ ದಾಖಲೆಯನ್ನಲ್ಲ. ಅವರ ಕಾರಿನಲ್ಲಿದ್ದಂಥ ಚಿಕ್ಕ ಜೆಟ್ ಎಂಜಿನುಗಳ ವಿಭಾಗದ ಒಂದು ದಾಖಲೆ ಅದು. ಪೇಪರಿನಲ್ಲಿ ಬರುವುದೂ ಅನುಮಾನ.

ಮಗಳಿಗೆ ಫೋನು ಮಾಡಿ ಹೇಳಿದೆ. "ಅಮ್ಮೀ, ಆರ್ ಯು ಸೀರಿಯಸ್?" ಎಂದಳು. ಆಮೇಲೆ ಕನ್ನಡಕ್ಕೆ ಬಂದು, "ನಿಮ್ಗೇನಾದ್ರೂ ಆದ್ರೆ?" ಎಂದಳು.

"ನಾ ಎಲ್ಲಿ ಕಾರಿನ್ಯಾಗ ಕೂಡ್ತೀನಿ? ಬಟ್ಟಿ ಮಡಚಲಿಕ್ಕೆ ಹೊಂಟೀನಿ," ಎಂದೆ. ಅಂಗಡಿಯ ಬಾಗಿಲಿಗೆ ವಾರ ರಜೆ ಎಂದು ಬರೆದು ಅಂಟಿಸಿದೆ. ಅಷ್ಟು ವರ್ಷದಲ್ಲಿ ಸಾವಿನ ಹೊರತು ಬೇರೆ ಕಾರಣಕ್ಕೆ ಅಂಗಡಿ ಮುಚ್ಚಿದ್ದು ಅದೇ ಮೊದಲು.

ಬೆಟ್ಟ ದಾಟಿ, ಕಾಡು ದಾಟಿ, ಆಮೇಲೆ ಏನೂ ಇಲ್ಲದ ನೆಲದಲ್ಲಿ ಗಂಟೆಗಟ್ಟಲೆ ಹೋದೆವು. ಒಣಕೆರೆ ಎಂದರೆ ಒಂದು ಹುಲ್ಲುಕಡ್ಡಿಯೂ ಇಲ್ಲದ, ಬಿರುಕು ಬಿಟ್ಟ, ಹಪ್ಪಳದಂಥ ನೆಲ. ಸುತ್ತ ದೂರದಲ್ಲಿ ಕಂದು ಗುಡ್ಡ. ಯಾವ ಕಡೆ ನೋಡಿದರೂ ಒಂದೇ ತರ. ಟೆಂಟಿನಿಂದ ನೂರು ಹೆಜ್ಜೆ ನಡೆದು ಹಿಂತಿರುಗಿದರೆ ನಮ್ಮ ಟೆಂಟು, ಟ್ರಕ್ಕು, ಜನ ಎಲ್ಲ ಬೆಂಕಿಪೆಟ್ಟಿಗೆಯಷ್ಟು. ನಮಾಜಿಗೆ ಮುಖ ಮಾಡಬೇಕಾದ ಕಿಬ್ಲಾ ಯಾವ ಕಡೆ ಎಂದು ಫೋನು ನೋಡಿದೆ, ಈಶಾನ್ಯ ತೋರಿಸಿತು. ಚಾಪೆ ಹಾಸಿ ನಿಂತೆ. ಮನೆಯಲ್ಲಾದರೆ ಮುಂದೆ ಗೋಡೆ ಇರುತ್ತದೆ. ಇಲ್ಲಿ ಕಣ್ಣು ಹೋದಲ್ಲೆಲ್ಲ ಬಯಲು. ಸಜ್ದಾಕ್ಕೆ ಹಣೆ ಹಚ್ಚಿದಾಗ ಚಾಪೆಯ ಕೆಳಗಿನ ನೆಲ ಚಟಚಟ ಎಂದಿತು. ಗಂಡ ಹೋದ ಮೇಲೆ ನಾನು ಜೋರಾಗಿ ಅತ್ತಿರಲಿಲ್ಲ, ಅಪಾರ್ಟ್‌ಮೆಂಟಿನ ಗೋಡೆಗಳು ತೆಳ್ಳಗೆ. ಅಲ್ಲಿ ಅತ್ತೆ. ಯಾರಿಗೂ ಕೇಳಿಸುವಷ್ಟು ಹತ್ತಿರ ಯಾರೂ ಇರಲಿಲ್ಲ.

ಮೊದಲ ಎರಡು ದಿನ ಕಲ್ಲು ಆರಿಸಿದೆವು. ಒಂದು ಸಣ್ಣ ಹರಳನ್ನು ಎಂಜಿನು ಒಳಗೆ ಎಳೆದುಕೊಂಡರೂ ಕೆಟ್ಟುಹೋಗುತ್ತದೆ. ಹಾಗಾಗಿ ಸಹಾಯಕ್ಕೆ ಬಂದಿದ್ದ ಮೂವತ್ತು ಮಂದಿ ಅಡ್ಡಸಾಲಿನಲ್ಲಿ ನಿಂತು, ಒಬ್ಬರಿಂದೊಬ್ಬರು ದೂರ ದೂರ, ತಲೆ ತಗ್ಗಿಸಿಕೊಂಡು ಮೈಲಿಗಟ್ಟಲೆ ನಡೆಯಬೇಕು. ಪಕ್ಕದವರ ಜೊತೆ ಮಾತಾಡಬೇಕೆಂದರೆ ಕೂಗಬೇಕು. ಯಾರೂ ಕೂಗುತ್ತಿರಲಿಲ್ಲ. ಅಕ್ಕಿ ಆರಿಸಿ ರೂಢಿಯಿದ್ದ ನನ್ನ ಕಣ್ಣಿಗೆ ಕಲ್ಲು ಬೇಗ ಬೀಳುತ್ತಿತ್ತು. ಸಂಜೆ ನನ್ನ ಡಬ್ಬಿಯೇ ಎಲ್ಲರದಕ್ಕಿಂತ ಭಾರ.

ಮೂರನೆಯ, ನಾಲ್ಕನೆಯ ದಿನ ಗಾಳಿ. ಧೂಳು ಎದ್ದು ಗುಡ್ಡಗಳೇ ಕಾಣಲಿಲ್ಲ. ಅಜ್ಜ ಟ್ರಕ್ಕಿನಲ್ಲಿ ಒಬ್ಬರೇ ಕೂತಿರುತ್ತಿದ್ದರು. ಹತ್ತಿರ ಹೋಗಬೇಡಿ ಎಂದ ಮೇಸ್ತ್ರಿ.

ಐದನೆಯ ದಿನ ಬೆಳಗ್ಗೆ ಎದ್ದಾಗ ಗಾಳಿ ನೋಡಲು ನೆಟ್ಟಿದ್ದ ಬಾವುಟಗಳು ಜೋತುಬಿದ್ದಿದ್ದವು. ಗಾಳಿಯೇ ಇಲ್ಲ.

ನಾನು ಮತ್ತು ಸನ್ನಿವೇಲಿನವಳು ದಾರಿಯ ಕೊನೆಯಲ್ಲಿ, ಕಾರು ಬಂದು ನಿಲ್ಲುವ ಜಾಗದಿಂದ ಸಾಕಷ್ಟು ಪಕ್ಕಕ್ಕೆ, ಒಂದು ಪಿಕಪ್ಪಿನಲ್ಲಿ ಕಾಯುತ್ತಿದ್ದೆವು. ಅವಳ ಕೈಯಲ್ಲಿ ರೇಡಿಯೋ. ಎಣಿಕೆ ಕೇಳಿಸಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ದೂರದಲ್ಲಿ ಒಂದು ಧೂಳಿನ ಚುಕ್ಕೆ ಎದ್ದು ಬೆಳೆಯತೊಡಗಿತು, ಸದ್ದೇ ಇಲ್ಲದೆ. ಅಷ್ಟು ದೊಡ್ಡದು ಅಷ್ಟು ಸದ್ದಿಲ್ಲದೆ ಬರುವುದನ್ನು ನಾನು ಎಂದೂ ನೋಡಿರಲಿಲ್ಲ. ನಂತರ ಸದ್ದು ಬಂತು, ಕಿವಿಗಿಂತ ಮೊದಲು ಎದೆಗೆ. ಕಾರಿನ ಹಿಂದೆ ಬಿಳಿ ಬಟ್ಟೆ ಹೊರಬಿದ್ದು, ಒಂದು ಕ್ಷಣ ಕೋಲಿನಂತೆ ಉದ್ದವಾಗಿ, ಆಮೇಲೆ ತುಂಬಿಕೊಂಡಿತು.

"ಓಪನ್ ಆಯ್ತು ಆಂಟಿ! ಓಪನ್ ಆಯ್ತು!" ಅವಳು ನನ್ನ ತೋಳು ಹಿಡಿದು ಅಲುಗಾಡಿಸಿದಳು.

ಕಾರು ನಿಂತ ಕೂಡಲೇ ಗಡಿಯಾರ ಓಡಲು ಶುರು. ಮೇಸ್ತ್ರಿಯ ಗುಂಪು ಇಂಧನ, ಎಂಜಿನು, ಕಾರನ್ನು ಹಿಂದಕ್ಕೆ ತಿರುಗಿಸುವುದು ಎಂದು ಮುತ್ತಿಕೊಂಡಿತು. ರೇಡಿಯೋದಲ್ಲಿ ವೇಗ ಬಂತು. ಹಳೆಯ ದಾಖಲೆಗಿಂತ ಸ್ವಲ್ಪ ಹೆಚ್ಚು! ಜನ ಕೂಗಿದರು. ಇನ್ನೊಂದು ಸಲ ಇಷ್ಟೇ ಓಡಿದರೆ ಸಾಕಿತ್ತು. ನಾವಿಬ್ಬರೂ ಪ್ಯಾರಾಚೂಟನ್ನು ಬಾಚಿಕೊಂಡು ಟಾರ್ಪಾಲಿನ ಮೇಲೆ ಹಾಸಿದೆವು. ನಾನು ಮಂಡಿಯೂರಿ ಒಂದೊಂದೇ ಪಟ್ಟಿಯ ಮೇಲೆ ಕೈಯಾಡಿಸುತ್ತ ಹೋದೆ.

ನನ್ನ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಆದರೆ ಹೊಸ ಪಟ್ಟಿಯ ಪಕ್ಕದ ಹಳೆಯ ಪಟ್ಟಿ, ನಡೀತದ ಎಂದು ನಾನು ಬಿಟ್ಟಿದ್ದೇ ಪಟ್ಟಿ, ಹೊಲಿಗೆಯ ಗೆರೆಯ ಪಕ್ಕದಲ್ಲೇ ನಾಲ್ಕು ಬೆರಳು ಅಗಲ ಎಳೆ ಬಿಟ್ಟುಕೊಂಡು ಪಿಸಿದಿತ್ತು. ಎಳೆಗಳು ಬಿಳಿ ಕೂದಲಿನ ಹಾಗೆ ನಿಂತಿದ್ದವು. ಹೊಸ ಬಟ್ಟೆಯ ಗಟ್ಟಿತನಕ್ಕೆ ಹಳೆಯದು ತಡೆದಿರಲಿಲ್ಲ. ಇದು ಯಾವ ಟೇಲರಿಗೂ ಗೊತ್ತಿರುವ ವಿಷಯ. ನನಗೂ ಗೊತ್ತಿತ್ತು.

"ಏನಾಯ್ತು ಆಂಟಿ?" ಎಂದಳು ಅವಳು. ನಾನು ತೋರಿಸಿದೆ. ಅವಳು ಎದ್ದು ಮೇಸ್ತ್ರಿಯನ್ನು ಕರೆತಂದಳು.

ಅವನು ಬಗ್ಗಿ ನೋಡಿ, "ಇಷ್ಟೇನಾ? ಅಷ್ಟು ಪಟ್ಟಿಗಳಲ್ಲಿ ಒಂದು. ಮಡಿಸಿ," ಎಂದ.

"ಮಡಿಸೋದಿಲ್ಲ," ಎಂದೆ.

"ಚಿಕ್ಕ ಪ್ಯಾರಾಚೂಟು ಇದೆಯಲ್ಲ. ಇದು ಹರಿದರೆ ಅದು ಇದೆ."

ಅವನು ಹೇಳಿದ್ದು ನಿಜ. ಕಾರಿನಲ್ಲಿ ಇನ್ನೊಂದು ಚಿಕ್ಕ ಹೊಸ ಪ್ಯಾರಾಚೂಟು ಇತ್ತು, ಇದು ಕೈಕೊಟ್ಟರೆ ಎಂದು. ಆದರೆ ಎರಡೂ ಗಟ್ಟಿಯಿಲ್ಲದೆ ಓಡಬಾರದು ಎಂಬ ನಿಯಮವನ್ನು ಮಾಡಿದ್ದೂ ಇವರೇ. ಅದನ್ನು ನಾನು ಹೇಳಿದೆ. ಅವನು ಟೊಪ್ಪಿಗೆ ತೆಗೆದು ನೆಲಕ್ಕೆ ಎಸೆದ.

"ಹದಿನಾಲ್ಕು ವರ್ಷ," ಎಂದ ನನಗೆ. "ನೀವು ಬಂದು ಏಳು ತಿಂಗಳಾಯ್ತು."

ಅಷ್ಟರಲ್ಲಿ ಅಜ್ಜ ಬಂದರು. ಬೆಂಕಿ ತಾಗದ ದಪ್ಪ ಉಡುಪಿನಲ್ಲಿ, ಮುಖವೆಲ್ಲ ಬೆವರು, ಕೈಯಲ್ಲಿ ನೀರಿನ ಬಾಟಲಿ. ಗವಸು ತೆಗೆದು, ಪಿಸಿದ ಜಾಗದಲ್ಲಿ ಬೆರಳು ತೂರಿಸಿ ನೋಡಿದರು. ಆಚೆ ಕಡೆ ಬೆರಳು ಕಾಣಿಸಿತು.

"ಇನ್ನೊಂದು ಓಟಕ್ಕೆ ತಡೆಯುತ್ತಾ?" ಎಂದು ಕೇಳಿದರು.

"ಗೊತ್ತಿಲ್ಲ," ಎಂದೆ. "ತಡೀಬಹುದು. ಗೊತ್ತಿಲ್ಲ."

"ಈಗ ಹೊಲಿಯೋಕೆ?"

"ಎಷ್ಟು ಹೊತ್ತಿದೆ?"

"ಮೂವತ್ತೊಂದು ನಿಮಿಷ."

ಪಟ್ಟಿ ಬಿಚ್ಚಿ, ಬೇರೆ ಕತ್ತರಿಸಿ, ಕೈಯಲ್ಲಿ ಹೊಲಿದು, ಮತ್ತೆ ಮಡಿಸಬೇಕು. ಮಡಿಸಲಿಕ್ಕೇ ಇಪ್ಪತ್ತು ನಿಮಿಷ. ಆಗುವುದಿಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಹೇಳಿದೆ: "ತಪ್ಪು ನನ್ನದು. ಈ ಪಟ್ಟಿಯನ್ನ ನಾನು ಬದಲಿಸಬೇಕಿತ್ತು. ನೋಡಿ ಬಿಟ್ಟೆ."

ಸುತ್ತ ಹತ್ತು ಹನ್ನೆರಡು ಜನ ನಿಂತಿದ್ದರು. ಚೀಲದ ಕಾರ್ಡು ನನ್ನ ಮಡಿಲಲ್ಲಿತ್ತು, ಪೆನ್ನು ದಾರದಿಂದ ಅದಕ್ಕೇ ಕಟ್ಟಿತ್ತು. ಸಹಿ ಹಾಕಿದ್ದರೆ ಎಲ್ಲರೂ ನನ್ನ ಬೆನ್ನು ತಟ್ಟುತ್ತಿದ್ದರು. ಸನ್ನಿವೇಲಿನವಳು ನನ್ನ ಪಕ್ಕದಲ್ಲಿ ಕೂತು, "ಆಂಟಿ, ನೀವು ಹೇಳಿದ್ದೇ ಫೈನಲ್. ಯಾರ ಮುಖಾನೂ ನೋಡ್ಬೇಡಿ," ಎಂದು ಕನ್ನಡದಲ್ಲಿ ಮೆಲ್ಲಗೆ ಅಂದಳು. ಅವಳ ಕಣ್ಣು ತುಂಬಿತ್ತು. ಅವಳದೂ ಐದು ವರ್ಷದ ಭಾನುವಾರಗಳು ಅದರಲ್ಲಿದ್ದವು.

"ನಾ ಸಹಿ ಹಾಕೂದಿಲ್ಲವಾ," ಎಂದೆ ಅವಳಿಗೆ. ಅಜ್ಜನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಲಿಲ್ಲ.

ಅವರು ಇನ್ನೊಂದು ಗವಸನ್ನೂ ತೆಗೆದು, ಎರಡನ್ನೂ ಜೋಡಿಸಿ ಜೇಬಿಗೆ ಹಾಕಿಕೊಂಡು, "ಮುಚ್ಚಿಬಿಡಿ," ಎಂದು ಕಾರಿನ ಕಡೆ ಕೈ ತೋರಿಸಿದರು. ಆಮೇಲೆ ಒಬ್ಬರೇ ಬಯಲಿನಲ್ಲಿ ನಡೆದು ಹೋದರು. ಗಂಟೆ ತುಂಬುವ ತನಕ ಯಾರೂ ಅಲ್ಲಿಂದ ಕದಲಲಿಲ್ಲ. ಗಡಿಯಾರ ಹಿಡಿದವನು ರೇಡಿಯೋದಲ್ಲಿ "ಆಯಿತು" ಎಂದ.

ಆ ಮಧ್ಯಾಹ್ನವೇ ಕೂತು ಪಟ್ಟಿ ಬದಲಿಸಿದೆ. ಪಕ್ಕದ ಇನ್ನೊಂದನ್ನೂ ಬದಲಿಸಿದೆ. ಕೈಗೆ ಕೆಲಸ ಇದ್ದದ್ದೇ ಪುಣ್ಯ. ಊಟಕ್ಕೆ ಕರೆದಾಗ ನಾನು ಹೋಗಲಿಲ್ಲ, ಯಾರೂ ಎರಡನೇ ಸಲ ಕರೆಯಲಿಲ್ಲ. ಆರನೆಯ ದಿನ ಬೆಳಗಿನಿಂದಲೇ ಗಾಳಿ ಎದ್ದಿತು, ಮಧ್ಯಾಹ್ನದ ಹೊತ್ತಿಗೆ ಅನುಮತಿ ಮುಗಿಯಿತು. ಕಾರನ್ನು ಟ್ರೈಲರಿಗೆ ಏರಿಸುವಾಗ ಮೇಸ್ತ್ರಿ ನನ್ನ ಪಕ್ಕದಲ್ಲೇ ಹಾದು ಹೋದ, ನನ್ನನ್ನು ಕಾಣದವನ ಹಾಗೆ.

ಬರುವಾಗ ಸನ್ನಿವೇಲಿನವಳೇ ಕಾರು ಓಡಿಸಿದಳು. ಗ್ಯಾಸ್ ಸ್ಟೇಷನ್ನಿನಲ್ಲಿ ಚಹಾ ತಂದುಕೊಟ್ಟಳು. "ನೀವು ಮಾಡಿದ್ದು ಸರಿ ಆಂಟಿ," ಎಂದಳು. ನಾನು ಹೂಂ ಎಂದೆ. ಸರಿ ಮಾಡಿದ್ದು ಅಲ್ಲಿ, ತಪ್ಪು ಮಾಡಿದ್ದು ಏಪ್ರಿಲ್ಲಿನಲ್ಲಿ, ಶೆಡ್ಡಿನಲ್ಲಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು?

ಮುಂದಿನ ಭಾನುವಾರ ಯಾರೂ ನನ್ನನ್ನು ಕರೆಯಲಿಲ್ಲ. ಅದರ ಮುಂದಿನದೂ ಇಲ್ಲ. ಮತ್ತೆ ಫ್ರಿಜ್ಜಿನ ಸದ್ದು. ಮೊದಲಿಗಿಂತ ಈಗ ಕಷ್ಟವಾಯಿತು. ಏಳು ತಿಂಗಳು ನಾಲ್ಕು ಜನರ ಜೊತೆ ಕೂತು ಉಂಡವಳಿಗೆ ಮತ್ತೆ ಒಲೆಯ ಮುಂದೆ ನಿಂತು ತಿನ್ನಲು ಆಗಲಿಲ್ಲ. ಒಂದು ದಿನ ಮೂರು ಚಪಾತಿ ಲಟ್ಟಿಸಿ ಹಾಗೇ ಹಿಟ್ಟಿಗೆ ಮತ್ತೆ ಸೇರಿಸಿ ನಾದಿಬಿಟ್ಟೆ.

ನವೆಂಬರಿನಲ್ಲಿ ಮೇಸ್ತ್ರಿಯ ಫೋನು ಬಂತು. ಲಿವರ್‌ಮೋರಿಗೆ ಬರಬಹುದಾ ಎಂದ. ಏಕೆಂದು ಹೇಳಲಿಲ್ಲ. ನಾನೇ ಕಾರು ಓಡಿಸಿಕೊಂಡು ಹೋದೆ. ಫ್ರೀವೇಯಲ್ಲಿ ಅಷ್ಟು ದೂರ ಒಬ್ಬಳೇ ಎಂದೂ ಹೋದವಳಲ್ಲ.

ಶೆಡ್ಡಿನಲ್ಲಿ ಅವನೊಬ್ಬನೇ ಇದ್ದ. ನಾನು ಬಿಚ್ಚಿ ಹಾಕಿದ್ದ ಆ ಎರಡು ಹಳೆಯ ಪಟ್ಟಿಗಳನ್ನು ಇಟ್ಟುಕೊಂಡಿದ್ದ. ಪಿಸಿದ ಪಟ್ಟಿಯನ್ನೇ ಎರಡು ತುಂಡು ಮಾಡಿ, ಪಿಸಿದ ಭಾಗ ಎರಡರಲ್ಲೂ ಬರುವಂತೆ ಉದ್ದಕ್ಕೆ ಕತ್ತರಿಸಿ, ಒಂದನ್ನು ತೊಲೆಗೆ ಕಟ್ಟಿದ್ದ. ಕೆಳಗೆ ಕಬ್ಬಿಣದ ತೂಕ, ಓಟದಲ್ಲಿ ಬೀಳುವ ಎಳೆತದ ಲೆಕ್ಕದಲ್ಲಿ.

"ಇದು ತಡೀತು," ಎಂದ. ಅಲ್ಲೇ ತೂಗುತ್ತಿತ್ತು. ಮೂರು ದಿನದಿಂದ ತೂಗುತ್ತಿದೆಯಂತೆ. "ಇನ್ನೊಂದನ್ನ ನಿಮ್ಮ ಮುಂದೆಯೇ ಕಟ್ಟೋಣ ಅಂತ ಕರೆದೆ."

ಎರಡನೆಯದನ್ನು ಕಟ್ಟಿ, ಅಷ್ಟೇ ತೂಕವನ್ನು ಮೆಲ್ಲಗೆ ಬಿಟ್ಟ. ಪಟ್ಟಿ ಬಿಗಿಯಾಯಿತು. ಒಂದು ಕ್ಷಣ ನಿಂತಿತು. ಪಟ್ಟನೆ ಹರಿದು ಕಬ್ಬಿಣ ನೆಲಕ್ಕೆ ಬಿತ್ತು. ಶೆಡ್ಡೆಲ್ಲ ಗುಂಯ್ಗುಟ್ಟಿತು.

ಅವನು ಆ ತುಂಡನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದ. ಹೋಗಿ ಕಾಫಿ ಮಾಡಿ ತಂದು, ನನಗೊಂದು ಲೋಟ ಕೊಟ್ಟು, ಹಲಗೆಯ ಮೇಲೆ ನನ್ನ ಪಕ್ಕದಲ್ಲಿ ಕೂತ. ಹೋಗುವಾಗ ನನ್ನ ಕಾರಿನ ಟೈರುಗಳನ್ನು ನೋಡಿ, ಗಾಳಿ ಕಮ್ಮಿಯಿದೆ ಎಂದು ಹಾಕಿಕೊಟ್ಟ.

ಮರುವರ್ಷ ಆ ಒಣಕೆರೆಯಲ್ಲಿ ನೀರು ನಿಂತಿತ್ತು. ಸೆಪ್ಟೆಂಬರ್ ಬಂದರೂ ನೆಲ ಗಟ್ಟಿಯಾಗಲಿಲ್ಲ. ಅದರ ಮುಂದಿನ ವರ್ಷ ಅಜ್ಜನ ಎಡಗಣ್ಣು ಮಂಜಾಯಿತು, ಡಾಕ್ಟರು ಓಡಿಸಲು ಒಪ್ಪಲಿಲ್ಲ. ಬೇರೆ ಯಾರನ್ನಾದರೂ ಕೂರಿಸಬಹುದು ಎಂದಳು ಸನ್ನಿವೇಲಿನವಳು. ಅಜ್ಜ ಅದಕ್ಕೆ ಮನಸ್ಸು ಮಾಡಲಿಲ್ಲ. ಕಾರನ್ನು ಬೇರೆ ರಾಜ್ಯದ ಒಂದು ಗುಂಪು ಕೊಂಡುಕೊಂಡು ಹೋಯಿತು. ಸನ್ನಿವೇಲಿನವಳಿಗೆ ಸಿಯಾಟಲಿನಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೆ ಮೆಸೇಜು ಮಾಡುತ್ತಾಳೆ, ಈದಿಗೂ ಮಾಡುತ್ತಾಳೆ, ಯುಗಾದಿಗೂ ಮಾಡುತ್ತಾಳೆ.

ಈ ವರ್ಷ ಮೇ ತಿಂಗಳಲ್ಲಿ, ಒಂದು ಬುಧವಾರ ಮಧ್ಯಾಹ್ನ, ಅಜ್ಜ ನನ್ನ ಅಂಗಡಿಗೆ ಬಂದರು. ಮೇಸ್ತ್ರಿ ಕಾರಿನಲ್ಲಿ ಬಿಟ್ಟು ಏನೋ ಸಾಮಾನು ತರಲು ಹೋಗಿದ್ದನಂತೆ. ಕೈಯಲ್ಲಿ ಎರಡು ಪ್ಯಾಂಟು.

"ಉದ್ದ ಆಗಿವೆ," ಎಂದರು. "ಮೊದಲು ಸರಿ ಇದ್ದವು."

ಒಂದನ್ನು ಹಾಕಿಕೊಂಡು ಬನ್ನಿ ಎಂದೆ. ಸಣ್ಣ ಮಣೆಯ ಮೇಲೆ ನಿಲ್ಲಿಸಿ, ಮಂಡಿಯೂರಿ ಅಂಚು ಮಡಿಸಿ ಪಿನ್ನು ಹಾಕಿದೆ. ಒಂದೂವರೆ ಇಂಚು. ಪ್ಯಾಂಟು ಬೆಳೆಯುವುದಿಲ್ಲ.

ಮೇಲಿನಿಂದ ಅವರೇ ಹೇಳಿದರು, "ಮುಂದಿನ ವಾರ ಓರೆಗನ್ನಿಗೆ ಹೋಗ್ತಾ ಇದ್ದೇನೆ. ಅವಳ ಹತ್ತಿರ."

"ಒಳ್ಳೇದು," ಎಂದೆ. ಕೆಳಗೇ ಕೂತು, ಅವರ ಮುಖ ನೋಡದೆ, ಎರಡೂವರೆ ವರ್ಷದಿಂದ ಬಾಯಿಗೆ ಬಂದು ನುಂಗುತ್ತಿದ್ದುದನ್ನು ಕೇಳಿದೆ. "ನಾನು ಆವತ್ತು ಸಹಿ ಹಾಕಿದ್ದರೆ?"

"ಹಾಕಿದ್ದರೆ ಓಡಿಸುತ್ತಿದ್ದೆ," ಎಂದರು. "ಆಮೇಲಿನದು ನನಗೂ ಗೊತ್ತಿಲ್ಲ. ಆ ತೂಕದ ವಿಷಯ ಅವನು ನನಗೂ ಹೇಳಿದ. ಒಂದು ಹರಿಯಿತು, ಒಂದು ಹರಿಯಲಿಲ್ಲ." ಆಮೇಲೆ, "ಸಿಟ್ಟು ಬಂದಿತ್ತು. ಒಂದು ವರ್ಷ ಇತ್ತು. ನಿಮ್ಮ ಮೇಲೆ ಅಂತಲ್ಲ, ಆದರೆ ನಿಮ್ಮ ಮೇಲೂ ಇತ್ತು. ಈಗ ಇಲ್ಲ," ಎಂದರು.

ಇದನ್ನು ಕೇಳಿ ನನಗೆ ಸಮಾಧಾನವಾಯಿತು. ಸನ್ನಿವೇಲಿನವಳು ಸರಿ ಮಾಡಿದಿರಿ ಎಂದಿದ್ದಳು, ಅದರಿಂದ ಸಮಾಧಾನ ಆಗಿರಲಿಲ್ಲ.

ನಾಳೆ ಬಂದು ತೆಗೆದುಕೊಂಡು ಹೋಗಿ ಎನ್ನಬಹುದಿತ್ತು. ಕೂರಿ, ಈಗಲೇ ಮಾಡಿಕೊಡುತ್ತೇನೆ ಎಂದೆ. ಅವರು ಕುರ್ಚಿಯಲ್ಲಿ ಕೂತು, ನಾಯಿ ಅಂಗಡಿಗೆ ಬಂದು ಹೋಗುವ ನಾಯಿಗಳನ್ನು ಗಾಜಿನಿಂದ ನೋಡುತ್ತಿದ್ದರು. ನಾನು ಮೆಷಿನ್ನು ತುಳಿಯುತ್ತಿದ್ದೆ. ಬೇರೆ ಗಿರಾಕಿಗಳಾದರೆ ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸ. ಮುಗಿದ ಮೇಲೂ ಎರಡೂ ಪ್ಯಾಂಟಿಗೆ ಒಳಗಿನಿಂದ ಮತ್ತೊಂದು ಸಾಲು ಕೈಹೊಲಿಗೆ ಹಾಕುತ್ತ ಕೂತೆ, ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲಿ ಇರಲಿ ಎಂದು.

ಹೊರಗೆ ಮೇಸ್ತ್ರಿ ಹಾರ್ನ್ ಹಾಕಿದ. ಅಜ್ಜ ಎದ್ದು, ಪ್ಯಾಂಟುಗಳನ್ನು ತಿರುಗಿಸಿ ಒಳಮಗ್ಗುಲು ನೋಡದೆ ಹಾಗೇ ಮಡಿಸಿ ಬಗಲಲ್ಲಿ ಇಟ್ಟುಕೊಂಡರು. ಬಾಗಿಲ ತನಕ ಹೋಗಿ ಕಳಿಸಿ ಬಂದೆ. ನಾಲ್ಕು ಗಂಟೆಗೆ ಮದುವೆ ಗೌನಿನ ಹುಡುಗಿಯೊಬ್ಬಳು ಬರುವವಳಿದ್ದಳು. ಆ ಗೌನು ತೆಗೆದು ಹ್ಯಾಂಗರಿಗೆ ಹಾಕಿದೆ.